ಯಾಮ್ನಾಳ ಬಂದೂಕು, ಬೂಶ್ತಾನ ಮುಂಡಾಸು

ಯಾಮ್ನಾಗೆ ಸಿಟ್ಟು ಬಂದರೆ ಮೊದಲು ತಿಳಿಯುವುದು ಅವಳ ಕೋಳಿಗಳಿಗೆ. ಕೊಕ್ ಎನ್ನದೆ ಗೋಡೆಯ ಹಿಂದಕ್ಕೆ ಸರಿದುಬಿಡುತ್ತವೆ. ಆಮೇಲೆ ಉಲಾದ್ ರಹ್ಮೂನ್ ಊರಿನ ಉಳಿದವರಿಗೆ ತಿಳಿಯುತ್ತದೆ, ಏಕೆಂದರೆ ಅವಳು ಅಂಗಳದಲ್ಲಿ ನಿಂತು ಬೈದರೆ ಬೀಟ್‌ರೂಟ್ ಹೊಲಗಳ ಆಚೆಗೂ ಕೇಳುತ್ತದೆ. ಮೊರಾಕೊದ ದುಕ್ಕಾಲ ಸೀಮೆಯ ಬಯಲಿನಲ್ಲಿ ಮಾತಿಗೆ ಅಡ್ಡ ಬರಲು ಒಂದು ಗುಡ್ಡವೂ ಇಲ್ಲ. ಹಾಗೆಂದು ಅವಳನ್ನು ಜಗಳಗಂಟಿ ಅಂದುಕೊಂಡರೆ ತಪ್ಪು. ಎಪ್ಪತ್ತು ದಾಟಿದ ಆ ಹೆಂಗಸು ಜೀವಮಾನದಲ್ಲಿ ನುಂಗಿಕೊಂಡ ಸಿಟ್ಟಿನ ಮುಂದೆ ಹೊರಗೆ ಹಾಕಿದ್ದು ಏನೇನೂ ಅಲ್ಲ.

ಅವಳ ಮನೆಯಲ್ಲಿ ಕಳ್ಳ ಕದಿಯಬಹುದಾದದ್ದು ಒಂದೇ ಇತ್ತು, ತೀರಿಕೊಂಡ ಗಂಡ ಬೂಶ್ತಾನ ಬಂದೂಕು. ನೆಲಕ್ಕೂರಿದರೆ ಅವಳ ಹಣೆಯ ಮಟ್ಟಕ್ಕೆ ಬರುವಷ್ಟು ಉದ್ದ. ನಳಿಗೆಗೆ ಬೆಳ್ಳಿಯ ಪಟ್ಟಿಗಳು, ಹಿಡಿಯ ಮರದೊಳಗೆ ಮೂಳೆಯ ಚುಕ್ಕಿಗಳ ಚಿತ್ತಾರ, ಕಿಡಿ ಹಾರಿಸಲು ಚಕಮಕಿ ಕಲ್ಲು. ಉತ್ತರದ ಗುಡ್ಡಗಾಡಿನ ಕಮ್ಮಾರರು ಬೂಶ್ತಾನ ತಾತನ ತಂದೆಗೆ ಮಾಡಿಕೊಟ್ಟದ್ದಂತೆ. ಅದರ ಹೊಟ್ಟೆಗೆ ಸೀಸದ ಗುಂಡು ಬಿದ್ದದ್ದನ್ನು ಕಂಡವರು ಈಗ ಯಾರೂ ಬದುಕಿಲ್ಲ. ಅದು ಉರುಸಿನ ಬಂದೂಕು. ಸಿದಿ ಬೂನುವಾರ್ ಸಂತನ ಉರುಸಿನಲ್ಲಿ ಊರಿನ ಸವಾರರು ಭುಜಕ್ಕೆ ಭುಜ ತಾಗಿಸಿದಂತೆ ಒಂದೇ ಸಾಲಿನಲ್ಲಿ ಕುದುರೆ ಓಡಿಸಿಕೊಂಡು ಬಂದು, ಬಯಲಿನ ತುದಿಯಲ್ಲಿ ಒಟ್ಟಿಗೆ ಬಂದೂಕೆತ್ತಿ ಬರೀ ಮದ್ದು ಸಿಡಿಸುತ್ತಾರೆ. ಬಂದೂಕು ಎಷ್ಟಿದ್ದರೂ ಸದ್ದು ಒಂದೇ ಆಗಬೇಕು. ಒಂದು ಬಂದೂಕು ಹಿಂದೆ ಬಿದ್ದು ಆಮೇಲೆ ಟಪ್ ಎಂದರೆ ಇಡೀ ಸಾಲಿನ ಮಾನ ಹೋಯಿತು, ಮುಂದಿನ ಉರುಸಿನವರೆಗೆ ಪಕ್ಕದೂರಿನವರ ಬಾಯಿಗೆ ಕಡಲೆ.

ಯಾಮ್ನಾ ಹುಟ್ಟಿದ್ದೂ ಸವಾರರ ಮನೆಯಲ್ಲೇ. ಚಿಕ್ಕವಳಿದ್ದಾಗ ಅಪ್ಪನ ಹೆಣ್ಣುಕುದುರೆಯನ್ನು ಜೀನಿಲ್ಲದೆ ಹತ್ತಿ ಬಾವಿಗೆ ಓಡಿಸಿಕೊಂಡು ಹೋಗುತ್ತಿದ್ದವಳು. ಮೈನೆರೆದ ವಾರವೇ ಅಪ್ಪ ಲಗಾಮು ಕೈಯಿಂದ ತೆಗೆದುಕೊಂಡು, "ಇಳಿ ಮಗಳೇ, ಸಾಕು" ಎಂದ. ಅಷ್ಟೇ. ಯಾಕೆ ಎಂದು ಅವಳು ಕೇಳಲಿಲ್ಲ, ಅವನು ಹೇಳಲೂ ಇಲ್ಲ. ಅಲ್ಲಿಂದ ಮುಂದೆ ಪ್ರತಿ ಉರುಸಿನಲ್ಲೂ ಅವಳ ಜಾಗ ಹೆಂಗಸರ ಡೇರೆ. ಅಲ್ಲಿಂದ ಏನೂ ಸರಿಯಾಗಿ ಕಾಣುತ್ತಿರಲಿಲ್ಲ, ಬರೀ ಧೂಳು. ಹಾಗಾಗಿ ಅವಳು ಕಣ್ಣು ಮುಚ್ಚಿ ಕೇಳುವುದನ್ನು ಕಲಿತಳು. ಬೂಶ್ತಾನನ್ನು ಮದುವೆಯಾದ ಮೇಲಂತೂ ಅವನ ಬಂದೂಕಿನ ದನಿಯನ್ನು ಕೂಸಿನ ಅಳುವಿನಂತೆ ಗುರುತು ಹಿಡಿಯುತ್ತಿದ್ದಳು. ಒಂದು ವರ್ಷ ಅದು ಕೂದಲೆಳೆಯಷ್ಟು ತಡವಾಯಿತು. ಅವತ್ತು ಬೂಶ್ತಾ ಮನೆಗೆ ಬಂದು ಮುಂಡಾಸು ಬಿಚ್ಚಿಟ್ಟು ಗೋಡೆಗೆ ಮುಖ ಮಾಡಿ ಮಲಗಿದ, ಕುಸ್ಕುಸ್ ತಟ್ಟೆ ಹಾಗೇ ಆರಿಹೋಯಿತು.

ಅವರಿಗಿದ್ದವಳು ಒಬ್ಬಳೇ ಮಗಳು, ಕೆಲ್ತೂಮ. ಬೂಶ್ತಾ ಅವಳನ್ನು ಕುದುರೆಯಿಂದ ಇಳಿಸಲಿಲ್ಲ. ಇಳಿಸುವ ವಯಸ್ಸು ಬಂದಾಗ ಯಾಮ್ನಾ ಬಾಗಿಲಿಗೆ ಅಡ್ಡ ನಿಂತು, "ಅವಳನ್ನ ಇಳಿಸಿದ್ರೆ ಈ ಮನೇಲಿ ಒಲೆ ಹಚ್ಚಲ್ಲ" ಎಂದಿದ್ದಳು. ಈಗ ಕೆಲ್ತೂಮ ಮೂವತ್ತರ ಹೆಂಗಸು, ಸಹಕಾರ ಸಂಘದ ಟ್ರ್ಯಾಕ್ಟರ್ ಓಡಿಸುತ್ತಾಳೆ. ಹೋದ ವರ್ಷದ ಚಳಿಗೆ ಬೂಶ್ತಾ ತೀರಿಕೊಂಡಾಗ ಸವಾರರ ಸಾಲಿನಲ್ಲಿ ಒಂದು ಜಾಗ ಖಾಲಿಯಾಯಿತು. ಸಾಲಿನ ಮುಂದಾಳು ಅಲ್ಲಾಲ್ ತಿಂಗಳುಗಟ್ಟಲೆ ಗಡ್ಡ ಕೆರೆದುಕೊಂಡ. ದೂರದ ಊರುಗಳಲ್ಲಿ ಹೆಂಗಸರದೇ ಸಾಲುಗಳಿವೆ, ನಮ್ಮಲ್ಲಿ ಗಂಡಸರ ನಡುವೆ ಒಬ್ಬಳೇ ಹೇಗೆ ಎಂದ. ಕೊನೆಗೆ ಒಂದು ಸಂಜೆ ಚಹಾ ಹೀರುತ್ತಾ, "ಅಪ್ಪನ ಬಂದೂಕು ತಂದ್ರೆ ಅಪ್ಪನ ಜಾಗ ನಿಂದು. ಬೇರೆ ಬಂದೂಕು ತಂದ್ರೆ ನನ್ನ ಕೇಳ್ಬೇಡ" ಎಂದುಬಿಟ್ಟ. ಅವತ್ತಿನಿಂದ ಯಾಮ್ನಾ ಬಂದೂಕಿಗೆ ಎಣ್ಣೆ ಹಚ್ಚಿದ್ದೇ ಹಚ್ಚಿದ್ದು.

ಆಗ ಬಂದ ಹಮ್ಮಾದಿ. ಬೂಶ್ತಾನ ಅಕ್ಕನ ಮಗ. ಊರ ಹೊರಗೆ ಹಿಂದೆ ಜಮೀನ್ದಾರನ ಗೋದಾಮಾಗಿದ್ದ ಕಟ್ಟಡವನ್ನು ಫ್ರಾನ್ಸಿನ ಸೊಲಾಂಜ್ ಎಂಬಾಕೆ ಕೊಂಡು ಧ್ಯಾನದ ಮನೆ ಮಾಡಿದ್ದಳಲ್ಲ, ಅದರ ಉಸ್ತುವಾರಿ ಅವನದು. ಅಲ್ಲಿ ಕಲಿಸುತ್ತಿದ್ದದ್ದು ಟೋಲ್ಟೆಕ್ ಜ್ಞಾನ. ಟೋಲ್ಟೆಕ್ ಎಂದರೆ ಸಮುದ್ರದಾಚೆ ಮೆಕ್ಸಿಕೊ ದೇಶದಲ್ಲಿ ಎಂದೋ ಬಾಳಿ ಹೋದ ಜನ. ಅವರ ಜ್ಞಾನವನ್ನು ಫ್ರಾನ್ಸಿನ ಹೆಂಗಸು ಮೊರಾಕೊದ ಗೋದಾಮಿನಲ್ಲಿ ಕೂತು ಜರ್ಮನಿಯವರಿಗೆ ಹೇಳಿಕೊಡುತ್ತಿದ್ದಳು. ಜಗತ್ತು ನಾವೆಲ್ಲ ಸೇರಿ ಕಾಣುತ್ತಿರುವ ಕನಸು, ನಿಜವಾದ ಯೋಧ ಕಾದಾಡುವುದು ತನ್ನೊಳಗಿನ ಸಿಟ್ಟಿನ ಜೊತೆ, ಆಡಿದ ಮಾತಿಗೆ ತಪ್ಪಬಾರದು, ಇಂಥವು. ಹಮ್ಮಾದಿ ಇದನ್ನೆಲ್ಲ ಒಪ್ಪಿಸಿದಾಗ ಯಾಮ್ನಾ, "ಮಾತಿಗೆ ತಪ್ಪಬಾರ್ದು ಅಂತ ಕಲಿಯೋಕೆ ವಿಮಾನ ಹತ್ತಿ ಬರ್ತಾರೇನೋ? ಅವರ ಅಮ್ಮಂದಿರು ಏನು ಮಾಡ್ತಿದ್ರು?" ಎಂದು ಕೇಳಿದ್ದಳು.

ಉರುಸಿಗೆ ಇನ್ನೇನು ವಾರವಿದೆ ಎನ್ನುವಾಗ ಅವನು ಬಂದು ಹೊಸಿಲ ಹೊರಗೆ ಕುಕ್ಕುರುಗಾಲಲ್ಲಿ ಕೂತ.

"ಅತ್ತೆ, ಆ ಬಂದೂಕು ಒಂದೇ ಒಂದು ಸಂಜೆಗೆ ಬೇಕಾಗಿತ್ತು. ವಿದೇಶದವರು ನೋಡ್ತಾರೆ, ಮುಟ್ತಾರೆ, ಅಷ್ಟೇ. ಬೆಳಿಗ್ಗೆ ಎದ್ದು ನೋಡಿದ್ರೆ ನಿಮ್ಮ ಗೋಡೆ ಮೇಲಿರುತ್ತೆ."

"ನಿನ್ನ ಮಾವ ಇದ್ದಿದ್ರೆ ಹೀಗೆ ಕೇಳೋ ಧೈರ್ಯ ಇತ್ತೇನೋ ನಿಂಗೆ?"

"ಮಾವ ಇದ್ದಿದ್ರೆ ಅವರೇ ಹೆಗಲ ಮೇಲೆ ಹೊತ್ಕೊಂಡು ಬಂದು ತೋರಿಸ್ತಿದ್ರು."

"ಮಾವ ಇದ್ದಿದ್ರೆ ನಿನ್ನ ಕಿವಿ ಕಿತ್ತು ನಿನ್ನ ಕೈಗೇ ಕೊಡ್ತಿದ್ರು. ಏಳು, ಕೋಳಿಗೆ ಕಾಳು ಹಾಕ್ಬೇಕು."

ಅವನು ಏಳಲಿಲ್ಲ. ತಲೆಯ ಮುಂಡಾಸು ಬಿಚ್ಚಿ ಹೊಸಿಲಿನ ಮೇಲೆ ಉದ್ದಕ್ಕೆ ಹಾಸಿದ. "ನಿಮ್ಮ ಮೇಲೆ ಆಣೆ ಇಟ್ಟಿದ್ದೀನಿ, ಅತ್ತೆ" ಎಂದ.

ಯಾಮ್ನಾಳ ಕೈಯಲ್ಲಿದ್ದ ಕಾಳಿನ ಮೊರ ಹಾಗೇ ನಿಂತಿತು. ಈ ಬಯಲಿನಲ್ಲಿ ಒಬ್ಬ ತನ್ನ ಮುಂಡಾಸನ್ನು ನಿಮ್ಮ ಹೊಸಿಲ ಮೇಲಿಟ್ಟು ಆಣೆ ಹಾಕಿದರೆ ಕೇಳಿದ್ದನ್ನು ಕೊಡದೆ ಗತಿಯಿಲ್ಲ. ಅದನ್ನು ತುಳಿದು ದಾಟಿದ ಮನೆಗೆ ಒಳ್ಳೆಯದಾಗುವುದಿಲ್ಲ, ಊರು ಆ ಮನೆಯ ಮುಖ ನೋಡುವುದಿಲ್ಲ. ರಕ್ತದ ಸೇಡು ನಿಲ್ಲಿಸಲು, ಮುರಿದ ಸಂಸಾರ ಕೂಡಿಸಲು ಹಿರಿಯರು ಇಟ್ಟುಕೊಂಡಿದ್ದ ಆಣೆ ಅದು. ಅದನ್ನು ಈ ಪುಂಡ ನಾಲ್ಕು ಜನ ಪ್ರವಾಸಿಗರ ಮನರಂಜನೆಗೆ ಹಾಸಿದ್ದ! ಯಾಮ್ನಾ ಅವನ ಏಳು ತಲೆಮಾರನ್ನು ಬೈದಳು, ಬೈಯುತ್ತಲೇ ಒಳಗೆ ಹೋಗಿ ಬಂದೂಕು ತಂದು ಕೊಟ್ಟಳು. ಬೈಯಬಹುದಿತ್ತು, ಕೊಡದೆ ಇರುವಂತಿರಲಿಲ್ಲ.

ಮರುದಿನ ಬಂದೂಕು ಗೋಡೆಗೆ ಬರಲಿಲ್ಲ. ಅದರ ಮರುದಿನ ಹಮ್ಮಾದಿಯ ಫೋನು ಬಡಿದುಕೊಂಡೇ ಇತ್ತು, ಎತ್ತುವವರಿಲ್ಲ. ಯಾಮ್ನಾ ಮಗಳ ಟ್ರ್ಯಾಕ್ಟರ್ ಹತ್ತಿ ಕೂತು, "ನಡಿ ಗೋದಾಮಿಗೆ" ಎಂದಳು.

ಸೊಲಾಂಜ್ ಬಿಳಿ ಬಟ್ಟೆ ತೊಟ್ಟ ತೆಳ್ಳನೆಯ ಹೆಂಗಸು, ಮೆತ್ತನೆಯ ದನಿ. ಬಾಗಿಲಿಗೆ ಬಂದು ಯಾಮ್ನಾಳ ಎರಡೂ ಕೈ ಹಿಡಿದುಕೊಂಡು ಕಣ್ಣಲ್ಲಿ ನೀರು ತುಂಬಿಕೊಂಡಳು. ಅಂಗಳದ ನಡುವೆ ಹೊಸದಾಗಿ ನೆಟ್ಟ ಆಲಿವ್ ಸಸಿ, ಸುತ್ತ ಕಲ್ಲಿನ ವೃತ್ತ, ಬುಡದ ಮಣ್ಣು ಇನ್ನೂ ಹಸಿ. ಹಮ್ಮಾದಿ ಗೋಡೆಗೆ ಒರಗಿ ತನ್ನ ಕಾಲ್ಬೆರಳನ್ನೇ ನೋಡುತ್ತಿದ್ದ. ಶಾಲೆಯಲ್ಲಿ ಫ್ರೆಂಚ್ ಕಲಿತಿದ್ದ ಕೆಲ್ತೂಮ ಎರಡು ಮಾತು ಕೇಳಿ ಬಿಳಿಚಿಕೊಂಡಳು.

"ಏನಂತೆ?" ಎಂದಳು ಯಾಮ್ನಾ.

"ಹೂತಿದ್ದಾರಮ್ಮ."

"ಏನನ್ನ?"

"ಬಂದೂಕನ್ನ. ಆ ಗಿಡದ ಕೆಳಗೆ. ಅದು ಯುದ್ಧದ ಆಯುಧ ಅಂತೆ. ಬಂದವರೆಲ್ಲ ತಮ್ಮ ತಮ್ಮ ಸಿಟ್ಟನ್ನ ಚೀಟೀಲಿ ಬರೆದು ನಳಿಗೆಯೊಳಗೆ ತುಂಬಿ ಹೂತ್ರಂತೆ. ದಿನಾ ನೀರು ಹಾಕ್ತಿದ್ದಾರಂತೆ. ನಮ್ಮ ವಂಶದ ಸಿಟ್ಟೂ ಮಣ್ಣಿಗೆ ಹೋಯ್ತು ಅಂತಾರೆ. ನಾವು ಉಡುಗೊರೆ ಕೊಟ್ವಲ್ಲ, ಅದಕ್ಕೆ ಧನ್ಯವಾದ ಅಂತೆ."

ನೀರು! ಬಂದೂಕಿಗೆ ನೀರು! ಮಂಜು ಬೀಳುವ ರಾತ್ರಿಗಳಲ್ಲಿ ಯಾಮ್ನಾ ಅದನ್ನು ತನ್ನ ಉಣ್ಣೆಯ ಹೊದಿಕೆಯೊಳಗೆ ಸುತ್ತಿ ಮಲಗಿಸುತ್ತಿದ್ದಳು. ಅವಳ ಮೈ ಉರಿದುಹೋಯಿತು. ಒಂದು ಹಕ್ಕಿಯನ್ನೂ ಕೊಲ್ಲದ ಬಂದೂಕು ಅದು. ಮದುವೆಯಲ್ಲಿ, ಉರುಸಿನಲ್ಲಿ, ಮಗು ಹುಟ್ಟಿದಾಗ ನಗುವುದನ್ನು ಬಿಟ್ಟು ಬೇರೆ ಕೆಲಸ ಗೊತ್ತಿಲ್ಲದ್ದನ್ನು ಕೊಲೆಗಾರನೆಂದು ಕರೆದು ಹೂತುಬಿಟ್ಟಿದ್ದರು. ಅದೂ ಎರಡು ದೊಡ್ಡ ಯುದ್ಧ ಮಾಡಿ ಅರ್ಧ ಭೂಮಿ ಸುಟ್ಟ ದೇಶಗಳಿಂದ ಬಂದವರು!

"ಉಡುಗೊರೆ ಅಂತ ಯಾರು ಹೇಳಿದ್ದು?" ಎಂದು ಯಾಮ್ನಾ ಹಮ್ಮಾದಿಯತ್ತ ತಿರುಗಿದಳು. ಅವನು ಕೆಮ್ಮಿದ. "ಆಗಿದ್ದು ಆಯ್ತಲ್ಲ ಅತ್ತೆ. ಗಲಾಟೆ ಆದ್ರೆ ನನ್ನ ಕೆಲಸ ಹೋಗುತ್ತೆ" ಎಂದ.

ಕೆಲ್ತೂಮ ಸೊಲಾಂಜಳಿಗೆ ನಿಜ ತಿಳಿಸಿದಳು. ಅದು ಉಡುಗೊರೆಯಲ್ಲ, ಒಂದು ಸಂಜೆಯ ಮಟ್ಟಿಗೆ ಕೊಟ್ಟದ್ದು, ಶುಕ್ರವಾರದ ಉರುಸಿಗೆ ಬೇಕು. ಸೊಲಾಂಜ್ ಹಮ್ಮಾದಿಯನ್ನು ಒಮ್ಮೆ ನೋಡಿದಳು, ಮುಖ ಕೆಂಪಾಯಿತು. ಆ ಗಳಿಗೆಯಲ್ಲಿ ಅವಳು ಗುದ್ದಲಿ ತರಿಸಿದ್ದರೆ ಯಾಮ್ನಾ ಅವಳನ್ನು ತಬ್ಬಿಕೊಂಡು ಮನೆಗೆ ಕರೆದು ರೊಟ್ಟಿ ಜೇನು ಕೊಡುತ್ತಿದ್ದಳು. ಆದರೆ ಸೊಲಾಂಜ್ ಹಿಂದೆ ನಿಂತಿದ್ದ ತನ್ನ ಅತಿಥಿಗಳನ್ನು ನೋಡಿದಳು. ಈಗ ಅಗೆದರೆ ಇಷ್ಟು ಜನರ ಬಿಡುಗಡೆ ಹಾಳಾಗುತ್ತದೆ, ಹುಣ್ಣಿಮೆ ಕಳೆಯಲಿ, ಆಮೇಲೆ ತೆಗೆದುಕೊಡುತ್ತೇನೆ ಎಂದಳು. ಮತ್ತೆ ಯಾಮ್ನಾಳ ಕೈ ಸವರಿ, ಈ ಸಿಟ್ಟು ನಿಮ್ಮದಲ್ಲ, ಹಿಂದಿನವರಿಂದ ಬಂದದ್ದು, ಬಿಟ್ಟುಬಿಡಿ ಎಂದಳು.

"ನನ್ನ ಸಿಟ್ಟು ನನ್ನದಲ್ದೆ ಇನ್ಯಾರದ್ದಂತೆ?" ಎಂದಳು ಯಾಮ್ನಾ. "ಬಂದೂಕೂ ನನ್ನದಲ್ಲ, ಸಿಟ್ಟೂ ನನ್ನದಲ್ಲ. ಹಾಗಾದ್ರೆ ನನ್ನದು ಅಂತ ಏನು ಉಳೀತು, ಕೇಳು ಅವಳ್ನ."

ಕೆಲ್ತೂಮ ಕೇಳಲಿಲ್ಲ. ಅಮ್ಮನ ತೋಳು ಹಿಡಿದು ಟ್ರ್ಯಾಕ್ಟರ್ ಹತ್ತಿಸಿದಳು. ದಾರಿಯಲ್ಲಿ, "ಪೊಲೀಸರ ಹತ್ರ ಹೋಗೋಣ" ಎಂದಳು. ಯಾಮ್ನಾ ತಲೆಯಾಡಿಸಿದಳು. ಪೊಲೀಸರು ಬಂದರೆ ಬಂದೂಕು ಅವರ ಠಾಣೆಗೆ ಹೋಗುತ್ತದೆ, ಹಿಂದಕ್ಕೆ ಬರುವಷ್ಟರಲ್ಲಿ ಕೆಲ್ತೂಮಳ ತಲೆ ನರೆಯುತ್ತದೆ. ಅವಳಿಗೆ ಗೊತ್ತಿದ್ದ ದಾರಿ ಬೇರೆ. ಮನೆಗೆ ಬಂದವಳೇ ಪೆಟ್ಟಿಗೆ ತೆಗೆದು ಬೂಶ್ತಾನ ಮುಂಡಾಸನ್ನು ಹೊರಗೆ ಎಳೆದಳು. ಬಿಳಿ ಬಟ್ಟೆ, ಅಂಚು ಮದ್ದಿನ ಹೊಗೆಗೆ ಹಳದಿಗಟ್ಟಿತ್ತು.

ಮರುದಿನ ಸಂತೆ. ಗೋದಾಮಿನ ಮುಂದಿನ ರಸ್ತೆಯಲ್ಲಿ ಕತ್ತೆಗಾಡಿಗಳು, ಕುರಿಗಳು, ಜನ. ಎಲ್ಲರೂ ನೋಡುತ್ತಿರುವಂತೆ ಯಾಮ್ನಾ ಸೊಲಾಂಜಳ ಹೊಸಿಲ ಮೇಲೆ ಗಂಡನ ಮುಂಡಾಸು ಹಾಸಿದಳು. ಸಂತೆಯವರ ಮಾತು ನಿಂತಿತು. ಕುರಿ ಮಾರುವವನು ಹಗ್ಗ ಬಿಟ್ಟು ಬಂದ. ಸತ್ತವನ ಮುಂಡಾಸಿನ ಆಣೆ! ಅದನ್ನು ತಳ್ಳಿಹಾಕಿದವರನ್ನು ಆ ಸೀಮೆಯಲ್ಲಿ ಯಾರೂ ಕಂಡಿರಲಿಲ್ಲ.

ಸೊಲಾಂಜ್ ಹೊರಗೆ ಬಂದಳು. ಮುಂಡಾಸು ನೋಡಿದಳು. "ಓ!" ಎಂದು ಬಾಯಿಗೆ ಕೈ ಇಟ್ಟುಕೊಂಡಳು. ಬಗ್ಗಿ ಎತ್ತಿಕೊಂಡು, ಮುತ್ತಿಟ್ಟು, ಕೊರಳಿಗೆ ಶಾಲಿನ ಹಾಗೆ ಸುತ್ತಿಕೊಂಡು, ಯಾಮ್ನಾಳನ್ನು ಗಟ್ಟಿಯಾಗಿ ಅಪ್ಪಿಕೊಂಡಳು. ಒಳಗಿನಿಂದ ಬಂದ ಅತಿಥಿಗಳು ಚಪ್ಪಾಳೆ ತಟ್ಟಿದರು.

ಸಂತೆಯಲ್ಲಿ ಯಾರೋ ಕಿಸಕ್ಕೆಂದರು. ಯಾಮ್ನಾ ಆ ಅಪ್ಪುಗೆಯಲ್ಲಿ ಕೊರಡಿನಂತೆ ನಿಂತಿದ್ದಳು. ಅಲ್ಲಾ, ಎಂಥ ಕೆಲಸ ಮಾಡಿಕೊಂಡೆ! ಈ ಮುಂಡಾಸನ್ನು ಯಾರ ಹೊಸಿಲಿಗೆ ತಂದು ಹಾಕಿದೆ! ಜೀವಮಾನವಿಡೀ ಅವಳು ಕಂಡ ಜನರಲ್ಲಿ ಈ ಆಣೆ ತಿಳಿಯದವರೇ ಇರಲಿಲ್ಲ, ಹಾಗಾಗಿ ತಿಳಿಯದವರೂ ಇರಬಹುದೆಂದು ಅವಳಿಗೆ ಹೊಳೆದೇ ಇರಲಿಲ್ಲ. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು. ಆಗ ಸೊಲಾಂಜಳ ಭುಜದ ಮೇಲಿನಿಂದ ಹಮ್ಮಾದಿ ಕಂಡ. ಅವನು ನಗುತ್ತಿರಲಿಲ್ಲ. ಅವನ ಕಣ್ಣು ಮುಂಡಾಸಿನ ಮೇಲೆ ನೆಟ್ಟಿತ್ತು, ಮುಖ ಸುಣ್ಣವಾಗಿತ್ತು. ಅವನಿಗೆ ಗೊತ್ತಿತ್ತು.

ಯಾಮ್ನಾ ಸೊಲಾಂಜಳ ಕೊರಳಿನಿಂದ ಮುಂಡಾಸನ್ನು ಸುತ್ತು ಸುತ್ತಾಗಿ ಬಿಚ್ಚಿದಳು. ನಾಲ್ಕು ಹೆಜ್ಜೆ ನಡೆದು ಅದನ್ನು ಹಮ್ಮಾದಿಯ ಕಾಲ ಬುಡದಲ್ಲಿ ಹಾಸಿದಳು.

"ನಿನ್ನ ಮುಂಡಾಸಿಗೆ ನಾನು ಮರ್ಯಾದೆ ಕೊಟ್ಟೆ" ಎಂದಳು. "ಈಗ ನಿನ್ನ ಮಾವನದಕ್ಕೆ ನೀನು ಕೊಡ್ತೀಯೋ, ತುಳ್ಕೊಂಡು ಹೋಗ್ತೀಯೋ, ಎಲ್ಲಾರೂ ನೋಡ್ತಿದ್ದಾರೆ."

ಹಮ್ಮಾದಿ ಸೊಲಾಂಜಳನ್ನು ನೋಡಿದ, ಸಂತೆಯನ್ನು ನೋಡಿದ. "ಅತ್ತೆ, ನನ್ನ ಹೆಂಡ್ತಿ ಮಕ್ಕಳು..." ಎಂದು ಶುರು ಮಾಡಿ ನಿಲ್ಲಿಸಿದ. ಮುಂಡಾಸನ್ನು ಎತ್ತಿ ಕಣ್ಣಿಗೊತ್ತಿಕೊಂಡು ಯಾಮ್ನಾಳ ಹೆಗಲಿಗೆ ಹಾಕಿದ. ಆಮೇಲೆ ಗುದ್ದಲಿ ಹಿಡಿದು ಕಲ್ಲಿನ ವೃತ್ತ ದಾಟಿದ. ಅತಿಥಿಗಳಲ್ಲಿ ಒಬ್ಬಳು ಅತ್ತಳು, ಇನ್ನೊಬ್ಬ ಕೂಗಾಡಿದ. ಸೊಲಾಂಜ್ ಹಮ್ಮಾದಿಯ ತೋಳು ಹಿಡಿದು ಫ್ರೆಂಚಿನಲ್ಲಿ ಏನೋ ಹೇಳಿದಳು. ಅವನು ತಲೆ ಎತ್ತದೆ ಅಗೆಯುತ್ತಲೇ ಇದ್ದ. ಆ ಕೆಲಸ ಅವನಿಗೆ ಅಲ್ಲಿಗೆ ಮುಗಿಯಿತು, ಈಗ ಬೀಟ್‌ರೂಟ್ ಲಾರಿಗೆ ಹೇರುತ್ತಾನೆ. ಯಾಮ್ನಾ ಅವನನ್ನು ಇವತ್ತಿಗೂ ಬೈಯುತ್ತಾಳೆ, ಆದರೆ ಕರೆದು ಊಟಕ್ಕೆ ಹಾಕಿ ಬೈಯುತ್ತಾಳೆ.

ಬಂದೂಕಿನ ಹಿಡಿ ಊದಿಕೊಂಡಿತ್ತು. ಮೂಳೆಯ ಚುಕ್ಕಿಗಳು ಕೆಲವು ಉದುರಿ ಮಣ್ಣಿನಲ್ಲೇ ಉಳಿದವು. ತಾಯಿ ಮಗಳು ಅಂಗಳದಲ್ಲಿ ಕೂತು ಕೊಕ್ಕೆ ಕಡ್ಡಿಯಿಂದ ನಳಿಗೆಯೊಳಗಿನ ಚೀಟಿಗಳನ್ನು ಎಳೆದರು. ಹಲವು ಮುದ್ದೆಯಾಗಿದ್ದವು. ಒಂದರಲ್ಲಿ ಮಾತ್ರ ಅಕ್ಷರ ಉಳಿದಿತ್ತು.

"ಏನು ಬರೆದಿದೆ?"

"ನನ್ನ ಅಕ್ಕ ನನಗೆ ಹೇಳದೆ ಅಮ್ಮನ ಮನೆ ಮಾರಿದಳು, ಅಂತ."

ಯಾಮ್ನಾ ಆ ಚೀಟಿಯನ್ನು ಬಿಸಿಲಿಗೆ ಹರವಿದಳು. "ಪಾಪ, ಸಿಟ್ಟು ಬರೋ ವಿಷಯಾನೇ" ಎಂದಳು. "ಹೋಗಿ ಆ ಅಕ್ಕನ ಜುಟ್ಟು ಹಿಡೀಬೇಕಿತ್ತು. ನನ್ನ ಬಂದೂಕಿನ ಬಾಯಿಗೆ ತುರುಕಿದ್ರೆ ಮನೆ ವಾಪಸ್ ಬರುತ್ತಾ?"

ಬೂದಿ, ಬಿಸಿನೀರು, ಬಿಸಿಲು, ಎಣ್ಣೆ. ಮತ್ತೆ ಎಣ್ಣೆ. ಉರುಸಿನ ಹಿಂದಿನ ದಿನ ಸವಾರರು ಬಯಲಿನಲ್ಲಿ ಸೇರಿದಾಗ ತಾಯಿ ಮಗಳು ಬಂದೂಕು ತೆಗೆದುಕೊಂಡು ಹೋದರು. ಅಲ್ಲಾಲ್ ಅದನ್ನು ಬೆರಳ ತುದಿಯಿಂದ ಮುಟ್ಟಿ ಕೈ ಒರೆಸಿಕೊಂಡ.

"ಹೂತ ಬಂದೂಕು, ಯಾಮ್ನಾ. ಹೆಣ ಎತ್ತಿಕೊಂಡು ಬಂದ ಹಾಗೆ. ನೀರು ಕುಡಿದಿದೆ. ನಾಳೆ ಹೊತ್ತಿಗೆ ಸರಿಯಾಗಿ ಹತ್ತದೆ ಹೋದ್ರೆ ಎಲ್ಲರ ಮಾನ ಹೋಗುತ್ತೆ. ಮುಂದಿನ ವರ್ಷ ನೋಡೋಣ."

"ಅಪ್ಪನ ಬಂದೂಕು ತಂದ್ರೆ ಅಪ್ಪನ ಜಾಗ ಅಂದೆ."

"ಅಂದೆ. ಆದ್ರೆ..."

"ಗೋದಾಮಿನವಳೂ ಹುಣ್ಣಿಮೆ ಆದ್ಮೇಲೆ ಅಂದ್ಲು. ನೀನು ಮುಂದಿನ ವರ್ಷ ಅಂತೀಯ. ಇಬ್ಬರಿಗೂ ಒಂದೇ ಶಾಲೆ ಏನೋ?"

ಸವಾರರಲ್ಲಿ ಇಬ್ಬರು ಮುಖ ತಿರುಗಿಸಿ ನಕ್ಕರು. ಅಲ್ಲಾಲ್‌ನ ಗಡ್ಡ ನಡುಗಿತು. ಯಾಮ್ನಾಳ ಹೆಗಲ ಮೇಲೆ ಬೂಶ್ತಾನ ಮುಂಡಾಸು ಇತ್ತು, ಅದನ್ನು ಅಲ್ಲಾಲ್‌ನ ಕುದುರೆಯ ಮುಂದೆ ಹಾಸಿದರೆ ಅವನು ಬೇರೆ ಮಾತಾಡುವಂತಿರಲಿಲ್ಲ. ಅವಳು ಹಾಸಲಿಲ್ಲ. ಮಗಳದೇ ಆದ ಜಾಗಕ್ಕೆ ಬೇಡಿಕೊಳ್ಳುವುದೇಕೆ? ಅವಳು ಅಲ್ಲಾಲ್‌ನ ಸೊಂಟದ ಚೀಲದಿಂದ ಮದ್ದನ್ನು ತಾನೇ ತೆಗೆದುಕೊಂಡಳು, ನಳಿಗೆಗೆ ಸುರಿದಳು, ಕಡ್ಡಿಯಿಂದ ಜಡಿದಳು. ಐವತ್ತು ವರ್ಷ ಗಂಡನಿಗೆ ಎತ್ತಿಕೊಟ್ಟ ಬಂದೂಕು, ಒಮ್ಮೆಯೂ ಅವಳ ಕೈಯಲ್ಲಿ ಸಿಡಿದಿರಲಿಲ್ಲ. ಹೆಗಲೆತ್ತರಕ್ಕೆ ಏರಿಸಿ, ಬಾಯನ್ನು ಆಕಾಶಕ್ಕೆ ಮಾಡಿ, ಬೆರಳೊತ್ತಿದಳು.

ಸದ್ದಿಗೆ ಕುದುರೆಗಳು ಹಿಂಗಾಲ ಮೇಲೆ ಎದ್ದವು. ಹಿಡಿ ಅವಳ ಭುಜಕ್ಕೆ ಒದ್ದು ಅವಳನ್ನು ನೆಲಕ್ಕೆ ಕೂರಿಸಿತು. ಕೆಲ್ತೂಮ ಓಡಿ ಬಂದಳು. ಯಾಮ್ನಾ ಧೂಳಿನಲ್ಲಿ ಕೂತೇ ಬಂದೂಕನ್ನು ಮಗಳ ಕೈಗೆ ಕೊಟ್ಟು, "ಈ ಹೆಣ ಮಾತಾಡುತ್ತೆ. ಹೋಗಿ ಸಾಲಲ್ಲಿ ನಿಲ್ಲು" ಎಂದಳು. ಅಲ್ಲಾಲ್ ಕುದುರೆಯನ್ನು ಎರಡು ಹೆಜ್ಜೆ ಪಕ್ಕಕ್ಕೆ ಸರಿಸಿದ.

ಶುಕ್ರವಾರ ಹೆಂಗಸರ ಡೇರೆಯಲ್ಲಿ ಯಾಮ್ನಾ ಎಂದಿನ ಜಾಗದಲ್ಲಿ ಕೂತಳು, ಭುಜಕ್ಕೆ ಅರಿಸಿನ ಮೆತ್ತಿಕೊಂಡು. ಗೊರಸಿನ ಸದ್ದು ಹತ್ತಿರ ಬಂತು. ಅವಳು ಕಣ್ಣು ಮುಚ್ಚಿದಳು. ಅಲ್ಲಾಲ್ ಕೂಗಿದ, ಬಂದೂಕುಗಳು ಸಿಡಿದವು. ಒಂದೇ ಸದ್ದು. ಅವಳು ಅದರೊಳಗೆ ತನ್ನ ಬಂದೂಕಿನ ದನಿಯನ್ನು ಹುಡುಕಿದಳು, ಮತ್ತೆ ಹುಡುಕಿದಳು. ಸಿಗಲಿಲ್ಲ. ಉಳಿದವುಗಳಲ್ಲಿ ಅದು ಪೂರ್ತಿ ಬೆರೆತುಹೋಗಿತ್ತು. ಆಗ ಅವಳು ಹೆಂಗಸರ ನಡುವೆ ಕೂತು ಗಳಗಳ ಅತ್ತಳು.

ಧೂಳು ಇಳಿಯುವಷ್ಟರಲ್ಲಿ ಸೊಲಾಂಜ್ ಅತಿಥಿಗಳನ್ನು ಕರೆದುಕೊಂಡು ಡೇರೆಗೆ ಬಂದಿದ್ದಳು, ಕೈ ಜೋಡಿಸಿಕೊಂಡು, ಕಣ್ಣಲ್ಲಿ ಅದೇ ನೀರು. ಕುದುರೆ ಇಳಿದು ಬಂದ ಕೆಲ್ತೂಮಳಿಗೆ ಏನೋ ಹೇಳಿದಳು. ಕೆಲ್ತೂಮಳ ಹಣೆ ಗಂಟಾಯಿತು.

"ಏನಂತೆ ಈಗ?"

"ಬಂದೂಕು ಅಷ್ಟು ಚೆನ್ನಾಗಿ ಹಾಡಿದ್ದು ಅವರು ಮಣ್ಣಲ್ಲಿ ಶುದ್ಧ ಮಾಡಿದ್ದಕ್ಕೆ ಅಂತೆ. ಟೋಲ್ಟೆಕ್ ಹಿರಿಯರ ಆಶೀರ್ವಾದ ಅಂತೆ."

ಸುತ್ತಲಿನ ಹೆಂಗಸರು ಯಾಮ್ನಾಳ ಬಾಯಿಂದ ಏನು ಬೀಳುತ್ತದೋ ಎಂದು ಕಾದರು. ಅವಳು ಕೂಗಲಿಲ್ಲ. ಮಗಳ ಕೈಯಿಂದ ಬಂದೂಕು ತೆಗೆದುಕೊಂಡು, ಇನ್ನೂ ಬಿಸಿಯಿದ್ದ ನಳಿಗೆಗೆ ಬೂಶ್ತಾನ ಮುಂಡಾಸನ್ನು ಸುತ್ತುತ್ತಾ ಹೇಳಿದಳು:

"ಆ ಹಿರಿಯರು ನಂಗೇನು ಕೆಟ್ಟದ್ದು ಮಾಡಿಲ್ಲ ಅಂತ ಹೇಳು ಅವಳಿಗೆ. ಅವರೂ ಎಲ್ಲೋ ಹೊಲ ಉತ್ತು, ಮಕ್ಕಳು ಸಾಕಿ, ಉರುಸು ಮಾಡಿದವರೇ ಇರ್ಬೇಕು. ಅವರ ಮನೇಲೂ ಒಬ್ಬಳು ಮುದುಕಿ ಇರ್ತಾಳೆ. ನಮ್ಮದನ್ನ ಒಂದು ಸಂಜೆಗೆ ಅಂತ ತಗೊಂಡು ಹೋದವರು ಇನ್ನೂ ತಂದುಕೊಟ್ಟಿಲ್ಲ ಅಂತ ಅವಳೂ ಬಾಗಿಲಿಗೆ ಬರ್ತಾಳೆ. ಅವತ್ತು ಹುಣ್ಣಿಮೆ ಗಿಣ್ಣಿಮೆ ಅನ್ನದೆ, ಅವಳದನ್ನ ಅವಳಿಗೆ ಕೊಟ್ಟುಬಿಡು ಅಂತ ಹೇಳು."

ಕೆಲ್ತೂಮ ಒಂದು ಮಾತೂ ಬಿಡದೆ ಫ್ರೆಂಚಿನಲ್ಲಿ ಹೇಳಿದಳು. ಸೊಲಾಂಜ್ ಈ ಸಲ ಯಾರನ್ನೂ ಅಪ್ಪಿಕೊಳ್ಳಲಿಲ್ಲ.